ಅವ್ವನ ಪೆಟ್ಟಿಗೆ ತಿರುಗಿದಾಗ

"ಫಾರ್ಮ್ಯಾಟ್ ಅನ್ನೋ ಮಾತು ಬಾಯಿಂದ ಬಂದ್ರ, ಬಂದ ದಾರಿ ಹಿಡೀರಿ!"

ಬಾಗಿಲಲ್ಲಿ ನಿಂತಿದ್ದ ಅಪರಿಚಿತನಿಗೆ ಫ್ಲಾರೆನ್ಸ ಕೊಟ್ಟ ಸ್ವಾಗತ ಇದು! ಚಪ್ಪಲಿ ಬಿಡಲು ಬಗ್ಗಿದವನು ಬಗ್ಗಿದಲ್ಲೇ ನಿಂತ.

"ನಾ ಇನ್ನಾ ಒಳಗೇ ಬಂದಿಲ್ರಿ..." ಎಂದ ಮೆಲ್ಲಗೆ.

ಅವನ ಹೆಸರು ನತಾನಿಯೇಲ. ಔರಾದದವನು, ಭಾಲ್ಕಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದ. ಫ್ಲಾರೆನ್ಸ ಬೀದರಿನಲ್ಲಿ ಶಾಲಾ ಶಿಕ್ಷಕಿ. ಅವಳ ಗೆಳತಿ ಜಾಹೇದಾ ಇವನ ನಂಬರ್ ಕೊಟ್ಟಿದ್ದಳು.

ಅವಳ ಸಿಟ್ಟಿಗೂ ಕಾರಣವಿತ್ತು, ಪಾಪ. ಊರಿನ ಯಾವ ಅಂಗಡಿಯಲ್ಲಿ ಕೇಳಿದರೂ ಕಂಪ್ಯೂಟರಿನ ಸಕಲ ರೋಗಕ್ಕೂ ಒಂದೇ ಮದ್ದು: ಎಲ್ಲ ಅಳಿಸಿ ಹೊಸದಾಗಿ ಹಾಕುವುದು. ಅಳಿಸುವುದಂತೆ! ಅದರೊಳಗೆ ಅವ್ವನ ದನಿ ಇತ್ತು.

ಅವ್ವ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಹಾಸಿಗೆ ಹಿಡಿದ ಅವ್ವನ ಬೇಸರ ಕಳೆಯಲೆಂದು ಫ್ಲಾರೆನ್ಸ ಆ ಹಳೆಯ ಲಿನಕ್ಸ್ ಕಂಪ್ಯೂಟರಿನ ಪರದೆ ನಾಲ್ಕು ಮಗ್ಗುಲಿನ ಪೆಟ್ಟಿಗೆಯಂತೆ ತಿರುಗುವ ಹಾಗೆ ಮಾಡಿಟ್ಟಿದ್ದಳು. ಒಂದು ಮಗ್ಗುಲಿಗೆ ಚರ್ಚು, ಇನ್ನೊಂದಕ್ಕೆ ಸಾಯಗಾಂವದ ಅಜ್ಜಿಯ ಹೊಲ, ಮತ್ತೊಂದಕ್ಕೆ ಎರಡು ಜಡೆಯ ಪುಟ್ಟ ಫ್ಲಾರೆನ್ಸ, ಕೊನೆಯದಕ್ಕೆ ನಗುತ್ತಿರುವ ಅವ್ವ.

"ಪೆಟ್ಟಿಗಿ ತಿರುವು ಮಗಾ..." ಎನ್ನುತ್ತಿದ್ದಳು ಅವ್ವ. ತಿರುಗಿದಾಗೆಲ್ಲ ನೋವು ಮರೆತು ನಗುತ್ತಿದ್ದಳು.

ಆಗಲೇ ಒಂದು ಭಾನುವಾರ ಮಧ್ಯಾಹ್ನ ಸುತ್ತಲಿನ ಊರುಗಳ ಚರ್ಚ್ ಸಭೆಯ ಯೌವನಸ್ಥರು, ಕಾಯಿಲೆಯವರ ಮನೆಗೆ ಹೋಗಿ ಹಾಡುವ ರೂಢಿಯಂತೆ, ಇವರ ಮನೆಗೂ ಬಂದಿದ್ದರು. ಅವ್ವ ಅವರ ಜೊತೆ ದನಿಗೂಡಿಸಿದ್ದಳು. ಅಪ್ಪ ಜೇಮ್ಸ ಅದನ್ನು ವಿಡಿಯೋ ಮಾಡಿ ಕಂಪ್ಯೂಟರಿಗೆ ಹಾಕಿಟ್ಟರು. ಆಮೇಲೆ ಅವರ ಫೋನು ಕೆಟ್ಟು, ಉಳಿದದ್ದು ಇದೊಂದೇ. ಅದನ್ನು ತೆರೆದು ನೋಡುವ ಎದೆಗಾರಿಕೆ ಫ್ಲಾರೆನ್ಸಳಿಗೆ ಇವತ್ತಿಗೂ ಬಂದಿರಲಿಲ್ಲ. ನಾಳೆ ನೋಡೋಣ, ನಾಳೆ ನೋಡೋಣ ಎನ್ನುತ್ತಲೇ...

ಹೋದ ವಾರ ಪರದೆಯ ಮೇಲೆ ಅಪ್‌ಡೇಟ್ ಮಾಡಲೇ ಎಂದು ಬಂತು. ಇವಳು ಹೂಂ ಎಂದು ಒತ್ತಿದಳು. ಮುಗಿಯಿತು! ಎದುರಿಗೆ ಬರೀ ಬಿಳಿ ಪರದೆ, ಅದರ ಮೇಲೆ ಮೌಸಿನ ಬಾಣ.

ನತಾನಿಯೇಲ ಕುಳಿತು ಎರಡು ಮೂರು ಕೀಲಿ ಒಟ್ಟಿಗೆ ಒತ್ತಿದ. ಬಿಳಿ ಹೋಗಿ ಕಪ್ಪಾಯಿತು.

"ಅಯ್ಯೋ! ಏನ್ ಮಾಡಿದ್ರಿ?"

"ಗಾಬ್ರಿ ಆಗಬ್ಯಾಡ್ರಿ. ಒಳಗ ಅಡಗಿ ತಯಾರ್ ಅದ. ಬಡಸೋವ ಮುನಿಸ್ಕೊಂಡಾನ. ನಾ ಹಿಂದಿನ ಬಾಗಲಿಂದ ಅಡಗಿ ಮನಿಗೆ ಹೊಂಟೇನಿ, ಅಷ್ಟೇ."

"ತಿಳಿಯೋ ಹಂಗ ಹೇಳ್ರಿ..."

"ಪೆಟ್ಟಿಗಿ ತಿರಗಬೇಕಂದ್ರ ಗ್ರಾಫಿಕ್ಸ್ ಕಾರ್ಡ್ ಕೆಲಸ ಮಾಡ್ಬೇಕ್ರಿ. ಅಪ್‌ಡೇಟಿನಾಗ ಅದರ ಡ್ರೈವರ್, ಅಂದ್ರ ಅದನ್ನ ನಡಸೋ ಪ್ರೋಗ್ರಾಂ, ಬದಲಾಗ್ಯದ. ಫೈಲ್ ಎಲ್ಲಾ ಇದ್ದಲ್ಲೇ ಇರ್ತಾವ."

ಪೆಟ್ಟಿಗೆ ಎಂಬ ಮಾತು ಇವನಿಗೆ ಹೇಗೆ ಗೊತ್ತು ಎಂದು ಕೇಳುವಷ್ಟು ಅವಳ ತಲೆ ನೆಟ್ಟಗಿರಲಿಲ್ಲ. 'ಇರ್ತಾವ ಅಂತಾನೆ... ಇಲ್ಲದಿದ್ದರೆ?'

"ಪಾಸ್‌ವರ್ಡ್ ಬೇಕ್ರಿ. ನೀವೇ ಹಾಕ್ರಿ." ಹಾಗೆಂದವನೇ ಗೋಡೆಯ ಕಡೆ ಮುಖ ಮಾಡಿ ಕಣ್ಣು ಮುಚ್ಚಿ ನಿಂತ, ಕಣ್ಣಾಮುಚ್ಚಾಲೆ ಆಡುವ ಮಗುವಿನ ಹಾಗೆ.

ಇಷ್ಟು ದಿನಗಳಲ್ಲಿ ಮೊದಲ ಸಲ ಅವಳಿಗೆ ನಗು ಬಂತು. ನಗು ಬಂದದ್ದಕ್ಕೇ ಇನ್ನೊಂದು ಬಗೆಯ ಹೆದರಿಕೆಯೂ ಆಯಿತು. 'ಬೇಡ ಫ್ಲಾರೆನ್ಸ... ಯಾರನ್ನೂ ಹಚ್ಚಿಕೊಳ್ಳಬೇಡ. ಹಚ್ಚಿಕೊಂಡವರು ಹೋಗಿಬಿಡುತ್ತಾರೆ!'

ಚಹಾ ಮಾಡಲು ಒಳಗೆ ಹೋದಳು. ಅವನು ಕೀಲಿ ಕುಟ್ಟುತ್ತ ಯಾವುದೋ ರಾಗ ಗುನುಗುವುದು ಕೇಳುತ್ತಿತ್ತು.

ಚಹಾದ ಕಪ್ಪು ಹಿಡಿದು ಬಂದವಳು ಪರದೆ ನೋಡಿ ಕಲ್ಲಾದಳು. ಪೆಟ್ಟಿಗೆ ತಿರುಗುತ್ತಿತ್ತು. ಆದರೆ ನಾಲ್ಕೂ ಮಗ್ಗುಲು ಬರೀ ನೀಲಿ! ಚರ್ಚು ಇಲ್ಲ, ಹೊಲ ಇಲ್ಲ. ಅವ್ವ ಇಲ್ಲ. ಒಂದೂ ಫೈಲಿಲ್ಲ.

ಕಪ್ಪು ಕೈಜಾರಿ ಒಡೆಯಿತು.

"ಅಳಿಸಿಬಿಟ್ರಿ! ನನ್ನ ಅವ್ವನ್ನ ಅಳಿಸಿಬಿಟ್ರಿ!"

"ಇಲ್ರಿ! ಇದು ಖಾಲಿ ಖಾತಾ... ಜರಾ ಕೇಳ್ರಿ..."

"ಒಂದೂ ಮಾತು ಬ್ಯಾಡ. ಹೋಗ್ರಿ! ಮೊದಲು ಹೊರಗ ಹೋಗ್ರಿ!"

ಅವನು ಅವಳ ಕಣ್ಣೀರು ಕಂಡದ್ದೇ ತಲೆ ತಗ್ಗಿಸಿ ಹೊರಟುಹೋದ. ಫ್ಲಾರೆನ್ಸ ಕಂಪ್ಯೂಟರ್ ಬಂದ್ ಮಾಡಿ, ಅವ್ವನ ಖಾಲಿ ಮಂಚದ ಮೇಲೆ ಬಿದ್ದು ಅತ್ತಳು.

ಮರುದಿನ ಬೆಳಿಗ್ಗೆ ಅಪ್ಪ ಮೆಲ್ಲಗೆ ಬಂದು ಕುಳಿತರು.

"ಮಗಾ, ಆ ಹುಡುಗ ಗೇಟಿನ ಹಂತ್ಯಾಕ ನಿಂತು ನನಗ ಹೇಳಿ ಹೋದ. ಪೆಟ್ಟಿಗಿ ತಿರಗತದೋ ಇಲ್ಲೋ ನೋಡ್ಲಿಕ್ಕಿ ಬ್ಯಾರೆ ಹೆಸರಿಲೆ ಒಂದು ಖಾಲಿ ಖಾತಾ ಮಾಡಿದ್ನಂತ. ನಿನ್ನ ಖಾತಾ ನೀನೇ ತೆಗೀಬೇಕು, ತಾ ಹೊಕ್ಕು ನೋಡಬಾರದು ಅಂದ."

ಫ್ಲಾರೆನ್ಸ ಓಡಿಹೋಗಿ ಕಂಪ್ಯೂಟರ್ ಚಾಲೂ ಮಾಡಿದಳು. ಪರದೆಯ ಮೇಲೆ ಎರಡು ಹೆಸರು. ಒಂದು 'ಪರೀಕ್ಷೆ'. ಇನ್ನೊಂದು 'ಫ್ಲಾರೆನ್ಸ'.

ಕಣ್ಣು ಮುಚ್ಚಿ ತನ್ನ ಹೆಸರು ಒತ್ತಿದಳು. 'ಕರ್ತನೇ, ಬಿಳಿ ಪರದೆ ಮಾತ್ರ ಬೇಡ...'

ಕಣ್ಣು ಬಿಟ್ಟಾಗ ಅವ್ವ ನಗುತ್ತಿದ್ದಳು! ಕೀಲಿ ಒತ್ತಿದಳು. ಪೆಟ್ಟಿಗೆ ತಿರುಗಿತು. ಚರ್ಚು, ಹೊಲ, ಎರಡು ಜಡೆ, ಮತ್ತೆ ಅವ್ವ...

ಇನ್ನು ನಾಳೆ ಎನ್ನಲಿಲ್ಲ. ವಿಡಿಯೋ ತೆರೆದೇಬಿಟ್ಟಳು.

ಅವ್ವ ದಿಂಬಿಗೆ ಒರಗಿ ಹಾಡುತ್ತಿದ್ದಾಳೆ. ಕಾಲ ಬಳಿ ಗಿಟಾರ್ ಹಿಡಿದ ಯುವಕ... ನತಾನಿಯೇಲ! ನಿನ್ನೆ ಗುನುಗಿದ ಅದೇ ರಾಗ! ಹಾಡು ಮುಗಿದ ಮೇಲೆ ಅವ್ವ ಅವನಿಗೆ ಪರದೆ ತೋರಿಸಿ, "ನನ್ನ ಪೆಟ್ಟಿಗಿ ನೋಡೋ, ನನ್ನ ಮಗಳು ಮಾಡ್ಯಾಳ," ಎನ್ನುತ್ತಾಳೆ. ಆಮೇಲೆ ದನಿ ಇಳಿಸಿ, "ಆಕಿ ಅಡಗಿ ಮನಿ ಬಾಗಲ ಹಿಂದ ನಿಂತು ಅಳಲಿಕತ್ಯಾಳ. ಆಕಿಗೂ ಒಂದು ಹಾಡು ಹೇಳಪಾ."

"ಹೇಳ್ತೇನ್ರಿ ಅವ್ವಾ."

ಅಷ್ಟರಲ್ಲಿ ಬಾಗಿಲು ಧಡ್ ಎಂದು ಮುಚ್ಚಿದ ಸದ್ದು. ಮುಚ್ಚಿದವಳು ತಾನೇ! ಯಾರ ಮುಖವನ್ನೂ ನೋಡಲಾರದೆ ಆ ದಿನ ಮುಚ್ಚಿಕೊಂಡಿದ್ದಳು. ನಿನ್ನೆಯೂ ಅದನ್ನೇ ಮಾಡಿದಳು.

ಫೋನ್ ಮಾಡಿದರೆ ಸ್ವಿಚ್ ಆಫ್. ಭಾಲ್ಕಿಗೆ ಓಡಿದಳು. ಲ್ಯಾಬಿನ ಜವಾನ ಕಾಶೀರಾಮ, "ಸರ್ ರಜಾ ಹಾಕಿ ಔರಾದಕ್ಕ ಹೋಗ್ಯಾರ. ಮಾರಿ ಭಾಳ ಸಣ್ಣದಾಗಿತ್ರಿ," ಎಂದ.

ಔರಾದದ ಬಸ್ಸಿನಲ್ಲಿ ಕಿಟಕಿಯ ಸರಳು ಬಿಗಿಯಾಗಿ ಹಿಡಿದು ಕುಳಿತಳು. 'ಬೈದು ಓಡಿಸಿದವಳ ಮುಖ ಅವನು ಯಾಕೆ ನೋಡಬೇಕು? ಬಾಗಿಲು ಹಾಕಿಕೊಂಡರೆ?' ಬಾಗಿಲ ಹೊರಗೆ ನಿಲ್ಲುವವರ ಹೆದರಿಕೆ ಎಂಥದೆಂದು ಅವಳಿಗೆ ಆಗ ಗೊತ್ತಾಯಿತು.

ಕೇಳುತ್ತ ಹೋದಾಗ ಔರಾದದ ಚರ್ಚಿನ ಮೆಟ್ಟಿಲ ಮೇಲೆ ಅವನು ಗಿಟಾರಿನ ತಂತಿ ಬಿಗಿ ಮಾಡುತ್ತಿದ್ದ. ಅವಳನ್ನು ಕಂಡು ಗಡಬಡಿಸಿ ಎದ್ದ.

"ಪೆಟ್ಟಿಗಿ... ಮತ್ತ ಕೆಡ್ತೇನ್ರಿ?"

"ಇಲ್ರಿ, ತಿರಗ್ತದ." ಅವಳು ಮೆಟ್ಟಿಲ ಬಳಿ ಬಂದಳು. "ತಪ್ಪಾಯ್ತು ನಂದು. ವಿಡಿಯೋ ನೋಡಿದೆ. ನಿನ್ನೆ ಯಾಕ ಹೇಳ್ಲಿಲ್ಲ, ಅವತ್ತು ಬಂದಿದ್ದೆ ಅಂತ?"

"ಅವ್ವನ ಹೆಸರು ಹೇಳ್ಕೊಂಡು ಹಂತ್ಯಾಕ ಬಂದಂಗ ಆಗಬಾರದು ಅನಸ್ತು." ಅವನು ತಂತಿಯನ್ನೇ ನೋಡುತ್ತಿದ್ದ. "ಮತ್ತ ಹೆದ್ರಿಕೀನೂ ಇತ್ರಿ. ಅವತ್ತಿಂದ ನಿಮ್ಮ ಆ ಬಾಗಲ ನನ್ನ ಕಣ್ಣಾಗೇ ಅದ. ಹೇಳಿದ್ರ ನೀವು ಮತ್ತ ಮುಚ್ಚಿದ್ರ?"

"ಮುಚ್ಚೇ ಬಿಟ್ನಲ್ಲ..." ಅವಳು ಅಳುತ್ತಲೇ ನಕ್ಕಳು. "ನನಗ ಈಗೂ ಹೆದ್ರಿಕಿ ಅದ. ನೀವು ಬೇಕು ಅನಸ್ತದ. ಬೇಕಾದವರು ಹೋಗಿಬಿಟ್ರ ಅಂತ ಜೀವಾನೇ ನಡಗ್ತದ!"

ಅವನು ತಂತಿ ಬಿಟ್ಟು ಅವಳ ಕಡೆ ನೋಡಿದ.

"ಎಂದೂ ಹೋಗಂಗಿಲ್ಲ ಅಂತ ಮನಷ್ಯಾರು ಮಾತು ಕೊಡ್ಲಿಕ್ಕಿ ಬರಂಗಿಲ್ರಿ. ಇದ್ದಷ್ಟು ದಿವಸ ನಿಮ್ಮ ಬಾಗಲ ಮುಂದೇ ಇರ್ತೇನಿ. ನನಗೂ ನೀವೇ ಬೇಕ್ರಿ."

ಫ್ಲಾರೆನ್ಸ ಕಣ್ಣೊರೆಸಿಕೊಂಡು ಅವನ ಪಕ್ಕದ ಮೆಟ್ಟಿಲ ಮೇಲೆ ಕುಳಿತಳು.

"ಅವ್ವ ಹೇಳಿದ್ದು ಇನ್ನಾ ಬಾಕಿ ಅದ..."

"ಖರೇನ್ರಿ? ಹಾಡ್ಲಿ?"

"ಬಾಗಲಾ ತೆಗದೀನ್ರಿ... ಹಾಡ್ರಿ."