ಕಾಂಕ್ರೀಟಿನಲ್ಲಿ ಮೆಣಸಿನಕಾಯಿ ಬೀಜ

ಮಂಗಳವಾರ ಬೆಳಿಗ್ಗೆ ರಾಣೆಬೆನ್ನೂರಿನ ಠಾಣೆಗೆ ಬಂದ ಪ್ರೇಮವ್ವ, ಕುಂದ್ರಿ ಎಂದರೂ ಕೂರಲಿಲ್ಲ. ಹಿಂದಿನ ದಿನ ಐರಣಿಯ ಹೊಸ ಅಂಗನವಾಡಿಯಲ್ಲಿ ಬಾಗಿಲ ಮೇಲಿನ ಸಜ್ಜಾ ಕುಸಿದಿತ್ತು. ಅಲ್ಲಿ ಸಹಾಯಕಿಯಾಗಿದ್ದ ಅವಳ ತಾಯಿ ಗುಡ್ಡವ್ವ ಒಂದು ಹುಡುಗಿಯನ್ನು ಒಳಗೆ ದೂಡಿ ತಾನು ಅದರಡಿ ಸಿಕ್ಕಿಬಿದ್ದಿದ್ದಳು. ಕಾಲು ಉಳಿಯುವುದು ಅನುಮಾನ ಎಂದಿದ್ದರು ಡಾಕ್ಟರು.

“ಆ ಗೌಂಡಿ ದಿಲಾವರನೇ ಸಿಮೆಂಟ್ ಕದ್ದಾನ್ರಿ. ಊರಿಗೆಲ್ಲಾ ಗೊತ್ತೈತಿ.”

“ನೀವು ನೋಡೀರೇನು?” ಇನ್ಸ್‌ಪೆಕ್ಟರ್ ಕಾವೇರಿ ಕೇಳಿದರು.

“ನೋಡಿಲ್ರಿ. ಕಟ್ಟಿದವನ ಅಂವ. ಮತ್ಯಾರು ಕದೀತಾರ?”

ಎಫ್‌ಐಆರ್ ದಾಖಲಾಯಿತು. ಊರಿಗೆ ಗೊತ್ತಿರುವುದೆಲ್ಲ ಖರೇ ಆಗಿದ್ದರೆ ಪೊಲೀಸರಿಗೆ ಪಗಾರ ಕೊಡುವ ಗರಜೇ ಇರಲಿಲ್ಲ!

ಮಧ್ಯಾಹ್ನ ಕಾವೇರಿ ಹೆಡ್ ಕಾನ್‌ಸ್ಟೇಬಲ್ ನಯಾಜನ ಜೊತೆ ಐರಣಿಯಲ್ಲಿ ಪಂಚನಾಮೆ ನಡೆಸಿದರು. ಬಿದ್ದ ತುಂಡನ್ನು ಬೀಗದ ಕೈಯಿಂದ ಗೀರಿದರೆ ರವೆಯಂತೆ ಉದುರಿತು. ಅದರ ಮೇಲ್ಮೈಯಲ್ಲಿ ಹುಲ್ಲಿನ ಗುರುತು ಅಚ್ಚೊತ್ತಿತ್ತು. ಊರವರು ದಿಲಾವರನನ್ನು ಬೇವಿನ ಮರದ ಕೆಳಗೆ ಕೂರಿಸಿದ್ದರು. ಅವನ ಅಂಗಿ ಹರಿದಿತ್ತು.

“ಇದೇನು ಹುಲ್ಲು?” ಕಾವೇರಿ ಅವನನ್ನು ಕೇಳಿದರು.

“ಹಸಿ ಕಾಂಕ್ರೀಟ್ ಒಣಗಬಾರ್ದಂತ ಭತ್ತದ ಹುಲ್ಲು ಹಾಸಿ ನೀರು ಹೊಡೀತೇವ್ರಿ. ಈ ಹೊಳಿದಂಡಿ ಊರಾಗ ಎಲ್ಲಾರೂ ಹಂಗ ಮಾಡ್ತಾರ.”

“ಸಿಮೆಂಟ್ ಯಾರು ಕೊಡತಿದ್ರು?”

“ಗುತ್ತಿಗೆದಾರ ಮೈಲೇಶಣ್ಣಾರು. ಕಡಿಮಿ ಬಿತ್ತು ಅಂದೆ. ಇದ್ದಷ್ಟರಾಗ ಹಾಕು ಅಂದ್ರು. ಹಾಕಿದೆ.”

“ಹಾಕಬಾರ್ದಿತ್ತು.”

“ಹೌದ್ರಿ,” ಎಂದು ದಿಲಾವರ ತಲೆ ತಗ್ಗಿಸಿದ. ಜನರ ಕೈಯಿಂದ ಉಳಿಯಲೆಂದು ಅವನನ್ನು ಠಾಣೆಗೆ ಕರೆತಂದರು.

ಮೈಲೇಶ ರಾಣೆಬೆನ್ನೂರಿನ ತನ್ನ ಆಫೀಸಿನಲ್ಲಿ ನಿರಾಳವಾಗಿ ಚಹಾ ತರಿಸಿದ.

“ನನ್ನ ಮಾಲು ಚೊಕ್ಕ ಐತ್ರಿ ಮೇಡಂ. ಐರಣಿಯೊಳಗ ನನ್ನ ಕಣ್ಮುಂದ ಕಲಸಿದ ಮಾಲಿನಿಂದನ ಆರು ಕಾಂಕ್ರೀಟ್ ಗಟ್ಟಿ ಹಾಕಿಸಿ ಹಾವೇರಿಗೆ ಪರೀಕ್ಷೆಗೆ ಕಳಿಸೇನಿ. ಮೂರು ಒಡದು ನೋಡಿ ಪಾಸ್ ಮಾಡ್ಯಾರ. ಉಳಿದ ಮೂರು ಅಲ್ಲೇ ಅದಾವ. ನಾ ಈ ಕಡೆ ಬಂದ ಮ್ಯಾಲ ಗೌಂಡಿ ಏನು ಕಲಸಿದನೋ, ನನಗೇನು ಗೊತ್ತು?”

ಮಾತಿನಲ್ಲಿ ಎಲ್ಲೂ ತೂತಿರಲಿಲ್ಲ. ಕಾವೇರಿಗೆ ಗುಮಾನಿ ಬಂದದ್ದೇ ಅದಕ್ಕೆ. ಅವರು ಚಹಾ ಮುಟ್ಟದೆ ಎದ್ದರು.

ಬುಧವಾರ ಹಾವೇರಿಯ ಪ್ರಯೋಗಾಲಯದಲ್ಲಿ ಆ ಮೂರು ಗಟ್ಟಿಗಳನ್ನು ಮೇಜಿನ ಮೇಲಿಟ್ಟರು. ಬಣ್ಣದಲ್ಲಿ ‘ಐರಣಿ’ ಎಂದು ಬರೆದಿತ್ತು. ಕೀಲಿಯಿಂದ ಎಷ್ಟು ಗೀರಿದರೂ ಒಂದು ಕಣ ಉದುರಲಿಲ್ಲ. ನಯಾಜ ಒಂದನ್ನು ಬೆಳಕಿಗೆ ಹಿಡಿದ. ಮೇಲ್ಮೈಯಲ್ಲಿ ಹುಲ್ಲಿನ ಗುರುತಿರಲಿಲ್ಲ, ಗೋಣಿಚೀಲದ ನೇಯ್ಗೆ ಮೂಡಿತ್ತು. ಅಲ್ಲಲ್ಲಿ ಕೆಂಪು ಛಾಯೆ. ನೇಯ್ಗೆಯ ಸಂದಿಯಲ್ಲಿ ಚಪ್ಪಟೆ ಹಳದಿ ಕಾಳುಗಳು ಕಚ್ಚಿಕೊಂಡಿದ್ದವು.

“ಅಯ್ಯ, ಮೆಣಸಿನಕಾಯಿ ಬೀಜರಿ ಇವು!” ಎಂದ ನಯಾಜ. “ನನ್ನ ಹೆಂಡ್ತಿ ತವರು ಬ್ಯಾಡಗಿ. ಅಲ್ಲಿ ಮಾರ್ಕೆಟ್ಟಿನ ಹಳೇ ಚೀಲ ತೋಯಿಸಿ ಸ್ಲ್ಯಾಬಿಗೆ ಹಾಸ್ತಾರ. ಮನಿ ಕಟ್ಟೋ ಓಣಿಯೊಳಗ ಎಲ್ಲಾರೂ ಸೀನತಿರತಾರ.”

“ಐರಣಿ ಗಟ್ಟಿಗೆ ಬ್ಯಾಡಗಿ ಚೀಲ ಯಾಕ ಬಂತು? ಮೈಲೇಶಂದು ಅಲ್ಲೇನು ಕೆಲಸ ನಡದೈತಿ, ಲಗೂ ಕೇಳು.”

ನಯಾಜ ನಾಲ್ಕು ಕಡೆ ಫೋನ್ ಮಾಡಿದ. ಬ್ಯಾಡಗಿಯಲ್ಲಿ ಮೈಲೇಶನಿಗೆ ಯಾವ ಗುತ್ತಿಗೆಯೂ ಇರಲಿಲ್ಲ. ಆದರೆ ಗಟ್ಟಿ ಹಾಕಿಸಿದ ತಿಂಗಳೇ ಅವನು ಅಲ್ಲಿ ತನ್ನ ಸ್ವಂತ ಮನೆಗೆ ಸ್ಲ್ಯಾಬ್ ಹಾಕಿಸಿದ್ದ.

ಗುರುವಾರ ಆ ಮನೆಯ ಮಾಳಿಗೆಯ ಮೂಲೆಯಲ್ಲಿ ಕೆಂಪು ಚೀಲಗಳ ರಾಶಿ ಸಿಕ್ಕಿತು. ಪಂಚರ ಎದುರು ಒಂದನ್ನು ಕೊಡವಿದಾಗ ಬೀಜ ಉದುರಿದವು, ಪಂಚರಿಬ್ಬರೂ ಸೀನಿದರು. ಮೆಟ್ಟಿಲು ಹತ್ತಿ ಬಂದ ಮೈಲೇಶ ಚೀಲ ನೋಡಿ ಅಲ್ಲೇ ನೆಲದ ಮೇಲೆ ಕೂತ.

“ಗಟ್ಟಿ ಇಲ್ಲೇ ಹಾಕಿಸಿದ್ದೇನು?”

“ಹೌದ್ರಿ.”

“ಸಿಮೆಂಟ್?”

“ಅರ್ಧಕ್ಕರ್ಧ ಐರಣಿದು.”

“ನಿನಗೇನು ಕಡಿಮಿ ಆಗಿತ್ತು? ಯಾಕ?”

ಮೈಲೇಶ ಮಾಳಿಗೆಯ ನೆಲವನ್ನು ಅಂಗೈಯಿಂದ ಒತ್ತಿ ನೋಡಿದ. “ನಾ ಸಣ್ಣವಿದ್ದಾಗ ಮಳಿಗೆ ನಮ್ಮ ಮಣ್ಣಿನ ಗ್ವಾಡಿ ಬಿತ್ರಿ. ಬಾಜೂಕ ಮಲಗಿದ್ದ ತಂಗಿ ಹೋದಳು. ಏನಾದರೂ ಆಗಲಿ, ನನ್ನ ಮನಿ ಬೀಳಬಾರ್ದು ಅಂತ ಎಲ್ಲಾದಕ್ಕೂ ಡಬಲ್ ಹಾಕಿಸಿದೆ. ಎಷ್ಟು ಹಾಕಿದ್ರೂ ಅಂಜಿಕಿ ಹೋಗಲಿಲ್ಲ.”

“ತಂಗೀಗೆ ಎಷ್ಟು ವಯಸ್ಸು?”

“ನಾಕು.”

ಕಾವೇರಿಯ ಸಿಟ್ಟು ಅಷ್ಟಕ್ಕೇ ಇಳಿಯಲಿಲ್ಲ, ಆದರೆ ದನಿ ಇಳಿಯಿತು. “ಗುಡ್ಡವ್ವ ಒಳಗ ದೂಡಿದ ಹುಡುಗೀಗೂ ನಾಕ.”

ಮೈಲೇಶ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಮಧ್ಯಾಹ್ನ ಅವನ ಬಂಧನವಾಯಿತು. ಸಂಜೆ ದಿಲಾವರ ಠಾಣೆಯಿಂದ ಹೊರಬಂದಾಗ ಪ್ರೇಮವ್ವ ಗೇಟಿನಲ್ಲಿ ಹೊಸ ಅಂಗಿ ಹಿಡಿದು ನಿಂತಿದ್ದಳು.