ಖಾಲಿ ಕಾಕ್‌ಪಿಟ್ಟಿನ ಭಾರ

ನಾನು ರಿಮೋಟಿನ ಆಟದ ವಿಮಾನ ಕಟ್ಟುವವನು, ದೆವ್ವ-ಗಿವ್ವ ನಂಬುವವನಲ್ಲ. ಅಂದು ಮಧ್ಯಾಹ್ನ ಹೊಸ ವಿಮಾನದ ರೆಕ್ಕೆಗಳ ಕೆಳಗೆ ಬೆರಳಿಟ್ಟು ಎತ್ತಿದಾಗ ಅದು ಸಮವಾಗಿ ನಿಂತಿತ್ತು. ಆಮೇಲೆ ಖಾಲಿ ಕಾಕ್‌ಪಿಟ್ಟಿಗೆ ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಳ ಕೂರಿಸಿ, ಟೇಪು ಸುತ್ತಿದೆ. ಮುಚ್ಚಳ ಹೂವಿನಷ್ಟು ಹಗುರ. ಆದರೂ ಮತ್ತೆ ಬೆರಳ ಮೇಲೆ ಎತ್ತಿದಾಗ ವಿಮಾನದ ಮೂತಿ ತಟಕ್ಕನೆ ಕೆಳಕ್ಕೆ ವಾಲಿತು. ತೆಗೆದರೆ ಸಮ, ಮುಚ್ಚಿದರೆ ಮತ್ತೆ ವಾಲುತ್ತದೆ.

ಹೆಂಡತಿ ಮುಚ್ಚಳ ಮುಟ್ಟಿ ಕೈ ಎಳೆದುಕೊಂಡಳು. "ರೀ, ಬೆಚ್ಚಗಿದೆ! ಒಳಗೆ ಯಾರನ್ನ ಕೂರಿಸಿದ್ದೀರಿ?"

"ಯಾರನ್ನೂ ಇಲ್ಲ ಕಣೇ," ಎಂದೆ.

ಒಳಗಿರುವುದು ಒಳಗೇ ಇರಲಿ ಎಂದು ಇನ್ನೊಂದು ಸುತ್ತು ಟೇಪು ಬಿಗಿದು, ಚಾವಣಿಗೆ ತೂಗುಹಾಕಿದೆ. ವಾರವಿಡೀ ಮೂತಿ ಕೆಳಗೇ ಇತ್ತು.

ಇವತ್ತು ಬೆಳಿಗ್ಗೆ ವಿಮಾನ ಸಮವಾಗಿ ತೂಗುತ್ತಿದೆ. ಟೇಪು ಎಲ್ಲೂ ಕಿತ್ತುಬಂದಿಲ್ಲ.

ಊಟದ ಮೇಜಿನ ಬಳಿಯಿಂದ ಹೆಂಡತಿ ಕೂಗಿದಳು: "ರೀ, ಈಗ ತಾನೇ ಎದ್ದು ಹೋದ್ರಾ? ಕುರ್ಚಿ ಇನ್ನೂ ಬೆಚ್ಚಗಿದೆ."

ನಾನು ಇವತ್ತು ಇನ್ನೂ ಕೂತೇ ಇಲ್ಲ.