ಜೊತೆಗಾರರಿಲ್ಲದೆ ಹೋಗಬೇಡಿ

ಬಹಳ ಹಿಂದೆ, ಹುಲಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಚಂದ್ರಗಾವಿ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲೊಂದು ಪದ್ಧತಿ. ಪರದೇಶಕ್ಕೆ ಹೋಗಿ ಬಂದವರು ಊರಬಾಗಿಲಲ್ಲಿ ಕಾಲು ತೊಳೆಯುವ ಮೊದಲು "ಚೆನ್ನಾಗಿತ್ತು" ಎನ್ನಬೇಕು. ಬೇರೆ ಮಾತಾಡಿದರೆ ಮುಂದೆ ಹೋಗುವವರಿಗೆ ಅಪಶಕುನವಂತೆ. ಹೀಗಾಗಿ ಹಸಿದು ಬಂದವರೂ ಚೆನ್ನಾಗಿತ್ತು ಎಂದರು, ಒದೆ ತಿಂದು ಬಂದವರೂ ಚೆನ್ನಾಗಿತ್ತು ಎಂದರು. ಬಾರದೆ ಉಳಿದವರನ್ನು ಕೇಳುವವರು ಯಾರು?

ಆ ಊರಿನಲ್ಲಿ ಮಲ್ಲಾಜಿ ಎಂಬ ಹೂ ಕಟ್ಟುವವಳಿದ್ದಳು. ತಾಯಿಯಿಲ್ಲದ ತಮ್ಮ ಬೊಮ್ಮನನ್ನು ಅವಳೇ ಸಾಕಿದ್ದಳು. ವ್ಯಾಪಾರಿ ಸಾಂತಯ್ಯ ಅವನನ್ನು ಹೊರೆ ಹೊರಲೆಂದು ಏಳುಸುತ್ತಿನ ನಾಡಿಗೆ ಕರೆದೊಯ್ದ. ಬರುವಾಗ ಒಬ್ಬನೇ ಬಂದ, ಚೆನ್ನಾಗಿತ್ತು ಎಂದ, ಕಾಲು ತೊಳೆದ.

"ನಿನ್ನ ತಮ್ಮನಿಗೆ ಆ ನಾಡು ಹಿಡಿಸಿಬಿಟ್ಟಿತಮ್ಮ. ಅಲ್ಲೇ ಉಳಿದ."

ಅಕ್ಕನಿಗೊಂದು ಮಾತು ಹೇಳಿಕಳಿಸದೆ ಉಳಿಯುವವನೇ ಬೊಮ್ಮ? ಮಲ್ಲಾಜಿ ನಂಬಲಿಲ್ಲ. ತಾನೇ ಹೋಗಿ ಕರೆತರುತ್ತೇನೆಂದು ದಾರಿಪುಸ್ತಕ ಕೊಳ್ಳಲು ಅಂಗಡಿಗೆ ಹೋದಳು.

ಅಂಗಡಿಯವನು ಮೂರು ಪುಸ್ತಕ ಮುಂದಿಟ್ಟ. ಮೊದಲನೆಯದು ಆಸ್ಥಾನ ಪಂಡಿತರದು, ಅಂಚಿಗೆಲ್ಲ ಚಿನ್ನದ ನೀರು. ಒಳಗೆ ಆ ನಾಡಿನ ಸೂರ್ಯೋದಯದ ವರ್ಣನೆ.

"ಪಂಡಿತರು ಅಲ್ಲಿಗೆ ಹೋಗಿದ್ದರೇನಪ್ಪ?"

"ಅವರು ಅರಮನೆಯ ಮೆಟ್ಟಿಲು ಇಳಿದವರೇ ಅಲ್ಲ. ಆದರೆ ಶೈಲಿ ನೋಡಮ್ಮ."

ಎರಡನೆಯದರಲ್ಲಿ ಯಾವ ಛತ್ರದ ಹೋಳಿಗೆಗೆ ಎಷ್ಟು ತುಪ್ಪ ಎಂಬುದೇ ತುಂಬಿತ್ತು. ಮೂರನೆಯದು ಸಾಂತಯ್ಯನದು. ಮಲ್ಲಾಜಿ ಮೂರರದ್ದೂ ಕೊನೆಯ ಹಾಳೆ ತಿರುವಿದಳು. ಮರಳಿ ಬರುವ ದಾರಿ ಸಾಂತಯ್ಯನದರಲ್ಲಿ ಮಾತ್ರ ಇತ್ತು. ಅವಳಿಗೆ ಬೇಕಾದದ್ದು ಅದೇ, ಇಬ್ಬರು ನಡೆದು ಬರುವ ದಾರಿ. ಅದನ್ನೇ ಕೊಂಡಳು.

ಪುಸ್ತಕದ ಮೊದಲ ಮಾತು: ಜೊತೆಗಾರರಿಲ್ಲದೆ ಹೋಗಬೇಡಿ. ಬುದ್ಧಿಮಾತೇ ಸರಿ, ಆದರೆ ಹೂ ಕಟ್ಟುವವಳ ಜೊತೆ ಯಾರು ಬರುತ್ತಾರೆ? ಒಬ್ಬಳೇ ಹೊರಟಳು.

ನಡೆದು ನಡೆದು ಒಂದು ಹೊಳೆಯ ಬಳಿ ಬಂದಳು. ಅಲ್ಲಿದ್ದ ಸೇತುವೆ ಬಾಯಿ ತೆರೆದು, "ಒಂದು ನೆರಳು ಕೊಡು, ದಾಟಿಸುತ್ತೇನೆ" ಎಂದಿತು. ಮಲ್ಲಾಜಿ ಪುಸ್ತಕ ತೆರೆದಳು. 'ಜೊತೆಗಾರನ ನೆರಳು ಕೊಡಿ. ಅವನಿಗೆ ನೋವಾಗುವುದಿಲ್ಲ.'

ಓದಿದ್ದನ್ನೇ ಮತ್ತೆ ಓದಿದಳು.

"ನನ್ನದೇ ತಗೋ" ಎಂದು ದಾಟಿದಳು.

ನಡೆದು ನಡೆದು ಒಂದು ಕಣಿವೆಗೆ ಬಂದಳು. ಬಿಳಿಯ ಹುಲಿ ಅಡ್ಡ ಮಲಗಿ, "ಒಂದು ಹೆಸರು ಕೊಡು, ಬಿಡುತ್ತೇನೆ" ಎಂದಿತು. ಪುಸ್ತಕದಲ್ಲಿತ್ತು: 'ಜೊತೆಗಾರನ ಹೆಸರು ಕೊಡಿ. ನಿಮ್ಮದು ವ್ಯಾಪಾರಕ್ಕೆ ಬೇಕಾಗುತ್ತದೆ.' ತನ್ನ ಹೆಸರನ್ನೇ ಕೊಟ್ಟಳು.

ಹುಲಿ ಅದನ್ನು ನೆಕ್ಕಿ ನುಂಗಿತು. "ಇಷ್ಟು ಕಾಲ ಎಲ್ಲರೂ ಪಕ್ಕದವರದನ್ನೇ ಕೊಟ್ಟರು ತಾಯಿ. ಹಾಗೆ ಬಂದದ್ದು ನಮ್ಮೊಡೆಯ ಕರಿಮುಗಿಲನ ಕೈ ಸೇರುತ್ತದೆ. ತಾನಾಗಿ ಕೊಟ್ಟದ್ದು ಸೇರುವುದಿಲ್ಲ, ಕೊಟ್ಟವರ ಮೇಲೆ ಅವನ ಮಂತ್ರ ನಡೆಯುವುದಿಲ್ಲ. ಹೋಗು."

ಅಲ್ಲಿಂದಾಚೆ ಅವಳಿಗೆ ಹೆಸರಿಲ್ಲ. ಕತೆ ಹೇಳುವವರೂ ಇನ್ನು 'ಅವಳು' ಎಂದೇ ಹೇಳಬೇಕು.

ಕೊನೆಗೆ ಮಾಂತ್ರಿಕ ಕರಿಮುಗಿಲನ ಅರಮನೆ ಸಿಕ್ಕಿತು. ಒಳಗೆ ಸಾಲುಸಾಲು ದೀಪದ ಕಂಬಗಳು, ಪ್ರತಿ ಕಂಬಕ್ಕೂ ಮನುಷ್ಯರ ಮುಖ. ಒಂದು ಮುಖ ಬೊಮ್ಮನದು, ತಲೆಯ ಮೇಲೆ ಎಣ್ಣೆ ಉರಿಯುತ್ತಿತ್ತು.

"ಈ ಪೀಠದ ಮೇಲೆ ಒಬ್ಬರನ್ನು ಕೂರಿಸು. ಹೊರೆ ತುಂಬ ಮುತ್ತು ಕೊಡುತ್ತೇನೆ" ಎಂದ ಕರಿಮುಗಿಲ.

ಪುಸ್ತಕದಲ್ಲಿತ್ತು: 'ಜೊತೆಗಾರನನ್ನು ಕೂರಿಸಿ. ಮರಳುವಾಗ ಒಬ್ಬರ ಊಟದ ಖರ್ಚು ಉಳಿಯುತ್ತದೆ.'

ಅವಳು ಪುಸ್ತಕ ಮುಚ್ಚಿ ತಾನೇ ಹೋಗಿ ಕೂತಳು. ಮಾಂತ್ರಿಕ ತುಳಿಯಲು ನೆರಳು ಹುಡುಕಿದ, ಸಿಗಲಿಲ್ಲ. ಮಂತ್ರ ಹಾಕಲು ಹೆಸರು ಹುಡುಕಿದ, ಸಿಗಲಿಲ್ಲ. ಎಸೆದ ಮಂತ್ರ ತಿರುಗಿ ಅವನಿಗೇ ಬಡಿದು, ಅವನು ಕಂಬವಾಗಿ ನಿಂತ. ಕಂಬಗಳೆಲ್ಲ ಮನುಷ್ಯರಾದವು. ಅವರವರ ನೆರಳು, ಅವರವರ ಹೆಸರು ಮರಳಿ ಬಂದವು. ಅವಳದು ಬರಲಿಲ್ಲ. ಮನಸಾರೆ ಕೊಟ್ಟದ್ದು ಮರಳುವುದಿಲ್ಲ.

ಮರಳುವ ದಾರಿಯನ್ನು ಮಾತ್ರ ಸಾಂತಯ್ಯ ಸರಿಯಾಗಿಯೇ ಬರೆದಿದ್ದ. ಅವಳು ಮುಂದೆ ನಡೆದಳು, ಉಳಿದವರು ಹಿಂದೆ.

ಊರಬಾಗಿಲಲ್ಲಿ ಜನವೋ ಜನ. ಎಲ್ಲರಿಗಿಂತ ಮುಂದೆ ಸಾಂತಯ್ಯ, ಕೈಯಲ್ಲಿ ಹಾರ. ಬಾಗಿಲು ಕಾಯುವವನು ನೀರಿನ ಚೆಂಬು ಹಿಡಿದು ಕೇಳಿದ, "ಹೇಗಿತ್ತು?"

ಬೊಮ್ಮ ಸಾಂತಯ್ಯನನ್ನು ನೋಡಿದ, ಜನರನ್ನು ನೋಡಿದ. "ಚೆನ್ನಾಗಿತ್ತು" ಎಂದ. ಹಿಂದಿದ್ದವರೆಲ್ಲ ಅದನ್ನೇ ಹೇಳಿದರು.

"ಚೆನ್ನಾಗಿರಲಿಲ್ಲ" ಎಂದಳು ಅವಳು. "ಈ ಮನುಷ್ಯ ನನ್ನ ತಮ್ಮನನ್ನು ಕೊಟ್ಟು ಮುತ್ತು ತಂದ. ಅವನ ಪುಸ್ತಕದಲ್ಲೇ ಇದೆ, ಓದಿ."

"ಇದು ಯಾರ ಹೇಳಿಕೆ? ಹೆಸರು ಹೇಳಮ್ಮ" ಎಂದ ಬಾಗಿಲು ಕಾಯುವವನು.

ಹೇಳಲು ಅವಳ ಬಳಿ ಹೆಸರೆಲ್ಲಿತ್ತು? ಬೊಮ್ಮ ಅವಳ ಸೆರಗು ಹಿಡಿದೆಳೆದು ಪಿಸುಗುಟ್ಟಿದ. "ಅಕ್ಕ, ಬಂದಾಯಿತಲ್ಲ, ಬಿಡು. ನಾಳೆ ಇದೇ ಊರಲ್ಲಿ ಬಾಳಬೇಕು."

ಮಾಂತ್ರಿಕನ ಕಾಟ ತೊಲಗಿ ಚಂದ್ರಗಾವಿಯವರೆಲ್ಲ ಸುಖವಾಗಿ ಬಾಳಿದರು. ಸಾಂತಯ್ಯನೂ ಬಾಳಿದ. ಅವನ ಪುಸ್ತಕಕ್ಕೂ ಈಗ ಚಿನ್ನದ ಅಂಚು ಬಂದಿದೆ, ಮೊದಲ ಮಾತು ಮಾತ್ರ ಬದಲಾಗಿಲ್ಲ. ಅವಳು ಹೂ ಕಟ್ಟುತ್ತಾ ಕೂರುತ್ತಾಳೆ. ಬೊಮ್ಮ "ಅಕ್ಕ" ಎಂದು ಕರೆದರೆ ಒಮ್ಮೊಮ್ಮೆ ಓಗೊಡುತ್ತಾಳೆ.